ಅತ್ತೆಯ ಬರಿಗಾಲಿನ ಹರಕೆ

ನಮ್ಮವರಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲವಂತೆ. ಮಗನ ಬಾಯಿಂದ ಒಂದು ಮಾತು ಹೊರಟರೆ ನಮ್ಮೂರು ನೆಕ್ರಾಜೆಯಿಂದ ಕೊಲ್ಲೂರಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಅತ್ತೆ ಆಗ ದೇವಿಗೆ ಹೇಳಿಕೊಂಡಿದ್ದರು. ಮಾತು ಬಂತು. ಈಗ ಊರಿನ ಯಾವ ಸಭೆಯಾದರೂ ಮೈಕು ಇವರ ಕೈಯಲ್ಲೇ. ಹರಕೆ ಮಾತ್ರ ದನದ ಹಟ್ಟಿಯ ಕೆಲಸ, ಮಾವನ ಕಾಯಿಲೆ, ನನ್ನ ಬಾಣಂತನ ಎಂದು ಮುಂದೆ ಹೋಗುತ್ತಾ ನಲವತ್ತೈದು ವರ್ಷ ದಾಟಿತ್ತು.

ಹಾಗಾಗಿ ಕಳೆದ ಜನವರಿಯಲ್ಲಿ ನೆರೆಮನೆಯ ನಿವೃತ್ತ ಟೀಚರೊಬ್ಬರು ಊರಿನ ಹೆಂಗಸರನ್ನು ಸೇರಿಸಿ ಕೊಲ್ಲೂರಿಗೆ ಎಂಟು ದಿನದ ನಡಿಗೆ ಹೊರಡಿಸಿದಾಗ, ಮೊದಲು ಹೆಸರು ಕೊಟ್ಟವರು ಅತ್ತೆ. ಅವರ ಜೊತೆಗಿರಲೆಂದು ನಾನೂ ಕೊಟ್ಟೆ.

ಹೊರಡಲು ಒಂದು ತಿಂಗಳು ಇರುವಾಗಲೇ ಚಾವಡಿಯಲ್ಲಿ ಚಾಪೆ ಹಾಸಿ ಸಾಮಾನು ಹರಡಿದೆವು. ದೊಡ್ಡ ಚೀಲಗಳು ಪಿಕಪ್ಪಿನಲ್ಲಿ ಬರುತ್ತವೆ, ಹೆಗಲಿನದ್ದು ಹಗುರವಾಗಿರಬೇಕು ಎಂದು ಟೀಚರ್ ಹೇಳಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ನಾನು ಸೀರೆಗಳನ್ನು ಗಟ್ಟಿಯಾಗಿ ಸುರುಳಿ ಸುತ್ತುತ್ತಿದ್ದೆ. ಒಂದು ಜಾಗ ಖಾಲಿಯಾದರೆ ಅತ್ತೆ ಅಲ್ಲಿ ಇನ್ನೇನೋ ತುರುಕುತ್ತಿದ್ದರು. ನೋಡಲು ಬಂದ ಟೀಚರ್ ಒಂದು ಕಟ್ಟನ್ನು ಎತ್ತಿ ಹಿಡಿದರು.

"ಹಪ್ಪಳ ಎಂತಕ್ಕೆ ಅಮ್ಮಾ? ಎಣ್ಣೆ, ಬಾಣಲೆಯೂ ಹೊತ್ತುಕೊಳ್ತೀರಾ?"

"ಸುಟ್ಟು ತಿಂದರಾಯ್ತು ಟೀಚರ್. ನಿಮಗೂ ಕೊಡ್ತೇನೆ."

ಟೀಚರ್ ನಗುತ್ತಲೇ, ಅರವತ್ತು ದಾಟಿದವರು ಡಾಕ್ಟರಿಗೆ ಒಮ್ಮೆ ತೋರಿಸಿ ಬರಬೇಕು ಎಂದರು. ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿದೆ. ಡಾಕ್ಟರು ಅವರನ್ನು ಕಣ್ಣು ಮುಚ್ಚಲು ಹೇಳಿ, ಗಾಳದ ದಾರದಂಥ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸುತ್ತಾ "ತಾಗ್ತದಾ?" ಎಂದು ಕೇಳಿದರು. "ತಾಗ್ತದೆ, ತಾಗ್ತದೆ" ಎಂದು ಅತ್ತೆ ಪ್ರತಿ ಸಲವೂ ಹೇಳಿದರು. ಎರಡು ಸಲ ಡಾಕ್ಟರು ಮುಟ್ಟಿಯೇ ಇರಲಿಲ್ಲ. ನಡೆಯಬಹುದು, ಆದರೆ ಬರಿಗಾಲಲ್ಲಿ ಮಾತ್ರ ಬೇಡ ಎಂದು ಬರೆದುಕೊಟ್ಟರು.

"ಶೂ ಹಾಕದಿದ್ದರೆ ನಾನು ಕರ್ಕೊಂಡು ಹೋಗುವುದಿಲ್ಲ" ಎಂದರು ಟೀಚರ್.

"ಶೂ ಹಾಕಬೇಕಾದರೆ ನಾನು ಬರುವುದೇ ಇಲ್ಲ" ಎಂದು ಅತ್ತೆ ಅಡುಗೆಮನೆಗೆ ಹೋಗಿ ಕೂತರು.

ಅರ್ಧ ತುಂಬಿದ ಚೀಲಗಳು ಮೂರು ದಿನ ಚಾಪೆಯ ಮೇಲೇ ಇದ್ದವು. ಅತ್ತೆ ಅವುಗಳನ್ನು ಸುತ್ತು ಹಾಕಿ ಓಡಾಡುತ್ತಿದ್ದರು, ಆ ಕಡೆ ನೋಡುತ್ತಿರಲಿಲ್ಲ. ನನಗೆ ಆ ಚೀಲಗಳನ್ನು ಬಿಚ್ಚುವ ಮನಸ್ಸಾಗಲಿಲ್ಲ. ಹಳೆಯ ಬೆಡ್‌ಶೀಟನ್ನು ನಾಲ್ಕು ಪದರ ಮಾಡಿ, ಅವರ ಪಾದದ ಅಳತೆಗೆ ಕತ್ತರಿಸಿ, ಅಂಚಿಗೆ ಒತ್ತಾಗಿ ಹೊಲಿಗೆ ಹಾಕಿ ಒಂದು ಜೊತೆ ಕಾಲುಚೀಲ ಹೊಲಿದೆ. ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು.

"ಬಟ್ಟೆ ಆದರೆ ಅಡ್ಡಿಯಿಲ್ಲ. ಮೈಮೇಲೆ ಸಹ ಬಟ್ಟೆ ಉಂಟಲ್ಲ, ಅದಕ್ಕೆ ದೇವಿ ಎಂತ ಹೇಳ್ತಾಳೆ?"

ಟೀಚರಿಗೆ ಹೇಳುವ ಮೊದಲು ನಾವೇ ಪರೀಕ್ಷಿಸೋಣವೆಂದು ಮರುದಿನ ಬೆಳಿಗ್ಗೆ ಇಬ್ಬರೂ ಶಾಲೆಯ ಮೈದಾನದವರೆಗೆ ನಡೆದು ಬಂದೆವು. ಅತ್ತೆ ನನಗಿಂತ ಮುಂದೆಯೇ ಇದ್ದರು. "ನೀನು ಬೇಗ ಬಾ ಮಾರಾಯ್ತಿ, ಹೀಗಾದರೆ ಕೊಲ್ಲೂರಿಗೆ ಮಳೆಗಾಲದಲ್ಲಿ ಮುಟ್ಟುವುದು" ಎಂದು ನನ್ನನ್ನೇ ತಮಾಷೆ ಮಾಡಿದರು. ಮನೆಗೆ ಬಂದು ಕಾಲುಚೀಲ ಬಿಚ್ಚಿದರೆ ತಳವೆಲ್ಲ ಕೆಂಪು. ದಾರಿಯ ಕೆಂಪು ಮುರಕಲ್ಲಿನ ಹುಡಿ ಎಂದುಕೊಂಡು ಬಕೆಟಿಗೆ ಹಾಕಿದೆ. ನೀರು ಮಣ್ಣಿನ ಬಣ್ಣಕ್ಕೆ ತಿರುಗಲಿಲ್ಲ, ತಿಳಿ ಕೆಂಪಾಯಿತು. ಓಡಿ ಬಂದು ಅತ್ತೆಯ ಕಾಲೆತ್ತಿ ನೋಡಿದರೆ ಹಿಮ್ಮಡಿಯ ಹತ್ತಿರ ಒಂದು ಮುಳ್ಳು ಮುರಿದು ಕೂತಿತ್ತು.

"ನೋವಾಗಲಿಲ್ಲವಾ ಅತ್ತೆ?"

"ಇಲ್ಲವಲ್ಲ" ಎಂದರು. ಮುಳ್ಳನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಬೇರೆ ಯಾರದೋ ವಸ್ತುವೆಂಬಂತೆ ಅದನ್ನು ಬಹಳ ಹೊತ್ತು ನೋಡುತ್ತಿದ್ದರು.

ಸಂಜೆ ದೀಪ ಹಚ್ಚಿ ಅವರು ದೇವಿಯ ಪಟದ ಎದುರು ನಿಂತರು. ಅತ್ತೆ ದೇವರ ಹತ್ತಿರ ಮಾತಾಡುವುದು ಬೇಲಿಯಾಚೆಯವರ ಹತ್ತಿರ ಮಾತಾಡಿದ ಹಾಗೆ, ಸ್ವರ ತಗ್ಗಿಸುವುದಿಲ್ಲ.

"ಆಗ ಹೇಳಿದ್ದು ಹೌದು. ಆಗ ನನ್ನ ಕಾಲಿಗೆ ಕಲ್ಲು ತಾಗಿದರೆ ಗೊತ್ತಾಗ್ತಿತ್ತು. ಈಗ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಗೊತ್ತಾಗದ ಕಾಲಲ್ಲಿ ಬರಿಗಾಲು ನಡೆದು ಬಂದರೆ ನಿನಗೆ ಎಂತ ಕೊಟ್ಟ ಹಾಗಾಯ್ತು? ನಾನು ಶೂ ಹಾಕ್ತೇನೆ. ಆದರೆ ನಡೆದೇ ಬರ್ತೇನೆ."

ಆಮೇಲೆ ಚಾವಡಿಗೆ ಬಂದು, ಪೇಪರು ಓದುತ್ತಿದ್ದ ಮಗನ ಎದುರು ನಿಂತರು. "ಮಾತು ಬಂದದ್ದು ನಿನಗೆ. ಕಡೆಯ ದಿನ ನಮ್ಮನ್ನು ಕರ್ಕೊಂಡು ಬರಲಿಕ್ಕೆ ಕಾರು ತರ್ತೇನೆ ಹೇಳಿದ್ದೀಯಲ್ಲ, ಅದನ್ನು ದೂರ ನಿಲ್ಲಿಸಿ ನಮ್ಮೊಟ್ಟಿಗೆ ಬರಿಗಾಲಲ್ಲಿ ನಡಿ."

"ಎಷ್ಟು ದೂರ ಅಮ್ಮಾ?"

"ನಿನಗೆ ನೋವಾಗುವಷ್ಟು."

ಅತ್ತೆ ಹತ್ತು ಕಿಲೋಮೀಟರ್ ಎಂದರು, ಇವರು ಚೌಕಾಸಿ ಮಾಡಿ ನಾಲ್ಕಕ್ಕೆ ಇಳಿಸಲು ನೋಡಿದರು. ಅತ್ತೆ ಏಳರಿಂದ ಕೆಳಗೆ ಬರಲಿಲ್ಲ.

ಗಾಯ ಮಾಗಿದ ಮೇಲೆ ಶೂ ಕೊಂಡೆವು, ಡಾಕ್ಟರು ಹೇಳಿದಂತೆ ಒಂದು ಅಳತೆ ದೊಡ್ಡದು. ದಿನಾ ಬೆಳಿಗ್ಗೆ ಅದರೊಳಗೆ ಕೈ ಹಾಕಿ ಕಲ್ಲುಗಿಲ್ಲು ಉಂಟಾ ಎಂದು ನೋಡುವ ಕೆಲಸ ನನ್ನದು. ಚೀಲದಲ್ಲಿ ಹಪ್ಪಳ ಉಳಿಯಿತು, ಅತ್ತೆ ತುರುಕಿದ್ದ ಎರಡನೆಯ ಕೊಡೆ ಹೊರಗೆ ಬಂತು. ಆ ಜಾಗದಲ್ಲಿ ಹತ್ತಿ, ಮುಲಾಮು ಮತ್ತು ಒಂದು ಪುಟ್ಟ ಕನ್ನಡಿ ಇಟ್ಟೆ. ದಿನದ ನಡಿಗೆ ಮುಗಿದ ಮೇಲೆ ಕನ್ನಡಿಯನ್ನು ನೆಲದಲ್ಲಿಟ್ಟು, ಪಾದವನ್ನು ಅದರ ಮೇಲೆ ಹಿಡಿದು ಗಾಯವಾಗಿದೆಯೇ ಎಂದು ಅತ್ತೆ ತಾವೇ ನೋಡಿಕೊಳ್ಳಬೇಕು.

ಹೊರಡುವ ಹಿಂದಿನ ದಿನ ಜಗಲಿಯಲ್ಲಿ ಕನ್ನಡಿಯಿಟ್ಟು ಅಭ್ಯಾಸ ಮಾಡಿದರು. ಗೋಡೆ ಹಿಡಿದುಕೊಂಡು ಒಂದು ಕಾಲೆತ್ತಿ, ಕನ್ನಡಕ ಸರಿಮಾಡಿ ಬಗ್ಗಿ ನೋಡಿದರು.

"ನೋಡು ಮಗಳೇ, ಎಷ್ಟು ಗೆರೆ! ಇಷ್ಟು ವರ್ಷ ನಡೆದೆ, ಅಡಿ ಹೇಗುಂಟು ಅಂತ ಒಮ್ಮೆ ಸಹ ನೋಡಿರಲಿಲ್ಲ."

ಆಮೇಲೆ ಇನ್ನೊಂದು ಕಾಲು ಎತ್ತಿದರು.