ಬಿಸಿಲಿನಲ್ಲಿ ಒದರುತ್ತಿದ್ದ ಲಾರಿ

ಯುದ್ಧದ ಆ ವರ್ಷಗಳಲ್ಲಿ ಹೊಸ ಲಾರಿ ಕನಸಿನ ಮಾತಾಗಿತ್ತು. ಹಳೆಯವೇ ಓಡಬೇಕು, ಅವನ್ನು ಓಡುವಂತೆ ಇಡುವ ಕೆಲಸ ನಮ್ಮಂಥ ಮಿಸ್ತ್ರಿಗಳದು. ಹುಬ್ಬಳ್ಳಿ ಸ್ಟೇಷನ್ನಿನ ಹತ್ತಿರ ನನ್ನದೊಂದು ತಗಡಿನ ಶೆಡ್ ಇತ್ತು. ಇಂಜಿನ್ ಬಿಚ್ಚುವವರು ಊರಲ್ಲಿ ಬೇಕಾದಷ್ಟು ಜನ. ನಾನು ವೈರಿಂಗ್ ಮಿಸ್ತ್ರಿ. ಮಳೆಗಾಲವೇ ನನ್ನ ಸುಗ್ಗಿ. ಆಗಿನ ವೈರುಗಳಿಗೆ ಮೇಲೆ ನೂಲಿನ ಹೊದಿಕೆ ಇರುತ್ತಿತ್ತು. ಅದು ನೀರು ಕುಡಿಯಿತೆಂದರೆ ದೀಪ ಹೋಗುವುದು, ಹಾರ್ನ್ ಹೋಗುವುದು, ಒಮ್ಮೊಮ್ಮೆ ಲಾರಿಯೇ ನಡುರಸ್ತೆಯಲ್ಲಿ ಕುಳಿತುಬಿಡುವುದು. ನೀರು ಎಲ್ಲಿಂದ ಇಳಿದು ಯಾವ ವೈರಿಗೆ ಮುಟ್ಟಿದೆ ಎಂದು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ನನಗಿತ್ತು. ವಯಸ್ಸೂ ಅಂಥದೇ, ಮೂವತ್ತು ದಾಟಿರಲಿಲ್ಲ.

ಆ ಹಮ್ಮು ಇಳಿಸಿದ್ದು ಒಂದು ಮುದಿ ಲಾರಿ. ಕಟ್ಟಿಗೆಯ ಚೌಕಟ್ಟಿಗೆ ತಗಡು ಬಡಿದು ಮಾಡಿದ ಕ್ಯಾಬಿನ್ನು, ಮೂತಿಯ ತುಂಬ ತುಕ್ಕು. ಅದರ ಡ್ರೈವರ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾನು ಕಾಕಾ ಎನ್ನುತ್ತಿದ್ದೆ. ಇಂಜಿನ್ನಿನ ಸದ್ದಿನಲ್ಲೇ ಬಾಳಿದ್ದರಿಂದ ಅವರ ಕಿವಿ ಅರ್ಧ ಹೋಗಿತ್ತು. ಅದಕ್ಕೇ ಮಾತೆಲ್ಲ ಜೋರು.

"ಮಿಸ್ತ್ರಿ, ಇದಕ್ಕ ಹುಚ್ಚು ಹಿಡದೈತಿ ನೋಡು. ರಾತ್ರಿ ಮಳಿ ಬಂದು ಮುಂಜಾನೆ ಬಿಸಲು ಬಿತ್ತಂದ್ರ, ಎಡಕ್ಕ ಹೊಳ್ಳಿಸಿದ ಕೂಡ್ಲೇ ತಾನ ಒದರಾಕ ಹತ್ತತೈತಿ. ಹಿಂದs ಇಂಜಿನ್ನೂ ಉಸರು ಬಿಡತೈತಿ."

ಹಿಂದಿನ ವಾರ ಯಾರೋ ಸಾಹೇಬರ ಟಾಂಗಾದ ಬೆನ್ನಿಗೇ ಅದು ಒದರಿ, ಕುದುರೆ ಬೆದರಿ, ಸಾಹೇಬರ ಪೇಟಾ ಕೆಸರಿಗೆ ಬಿದ್ದು ಕಾಕಾ ಕೈಮುಗಿದು ಪಾರಾಗಿದ್ದರು.

ನಾನು ಹಾರ್ನಿನ ಗುಂಡಿ ಬದಲಿಸಿದೆ. ಗುಣವಾಗಲಿಲ್ಲ. ಬ್ಯಾಟರಿಯ ತುದಿಗಳನ್ನು ತಿಕ್ಕಿ ತೊಳೆದೆ. ಮತ್ತೆ ಬಂತು. ಮೂರನೆಯ ಸಲ ಇಂಜಿನ್ನಿನ ಕಡೆಯ ವೈರುಗಳನ್ನೆಲ್ಲ ಹೊಸದಾಗಿ ಎಳೆದೆ. ಶೆಡ್ಡಿಗೆ ಬರುವ ಹೊತ್ತಿಗೆ ಎಲ್ಲ ಒಣಗಿ ಗರಿಗರಿ, ನನ್ನ ಮುಂದೆ ಒಮ್ಮೆಯೂ ಕಮಕ್ ಕಿಮಕ್ ಎನ್ನಲಿಲ್ಲ. ಕೊನೆಗೆ ಕಾಕಾ ಹೇಳಿದರು: "ನಿನ್ನ ಕಂಡ್ರ ಇದು ಶ್ಯಾಣ್ಯಾ ಆಗತೈತಿ. ನಾಳೆ ಧಾರವಾಡಕ್ಕ ಸಾಮಾನು ಒಯ್ಯೂದೈತಿ. ನೀನೂ ಬಾ, ಅದರ ಆಟ ಕಣ್ಣಾರೆ ನೋಡು."

ಆ ರಾತ್ರಿ ಮಳೆ ಚೆನ್ನಾಗಿ ಬಿತ್ತು. ಮುಂಜಾನೆ ಬಿಸಿಲು. ಸಾಮಾನು ಸಂಗೀತದ ಬಾಯಿಯವರೊಬ್ಬರದು, ನಾವು ಅಕ್ಕಾರು ಎನ್ನುತ್ತಿದ್ದೆವು. ಐವತ್ತರ ಸುಮಾರಿನ ಹೆಂಗಸು. ಧಾರವಾಡದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಹಾಡು ಕಲಿಸುವ ಕೆಲಸ ಸಿಕ್ಕು ಮನೆ ಬದಲಿಸುತ್ತಿದ್ದರು. ಟ್ರಂಕು, ಕಪಾಟು, ಹಾಸಿಗೆ ಎಲ್ಲ ಹಿಂದೆ ಹಾಕಲು ಒಪ್ಪಿದರು, ಎರಡು ತಂಬೂರಿ ಮಾತ್ರ ಹಾಕಗೊಡಲಿಲ್ಲ. ಹೀಗಾಗಿ ಕ್ಯಾಬಿನ್ನಿನಲ್ಲಿ ಕಾಕಾ, ನಡುವೆ ನಾನು, ಆಚೆ ಅಕ್ಕಾರು. ಅವರ ತೊಡೆಯ ಮೇಲೆ ಒಂದು ತಂಬೂರಿ, ನನ್ನ ತೊಡೆಯ ಮೇಲೆ ಇನ್ನೊಂದು.

"ಬುರುಡಿ ಗಟ್ಟ್ಯಾಗಿ ಒತ್ತಬ್ಯಾಡ್ರಿ ಮತ್ತ," ಎಂದು ತಂಬೂರಿಯ ಸೋರೆಬುರುಡೆ ತೋರಿಸಿ ಎರಡು ಸಲ ಎಚ್ಚರಿಸಿದರು.

ಬೈರಿದೇವರಕೊಪ್ಪದ ಹತ್ತಿರ ಎದುರಿಗೆ ಮೇವಿನ ಬಂಡಿ ಬಂತು. ಕಾಕಾ ದಾರಿ ಬಿಡಲು ಗಕ್ಕನೆ ಎಡಕ್ಕೆ ಹೊರಳಿಸಿದರು. ಅಷ್ಟೇ ಸಾಕಾಯಿತು. ಹಾರ್ನ್ ಒದರತೊಡಗಿತು, ನಿಲ್ಲಲೊಲ್ಲದು. ಎತ್ತುಗಳು ಬಂಡಿಯನ್ನು ಹೊಲಕ್ಕೆ ಎಳೆದೊಯ್ದವು, ಮೇವೆಲ್ಲ ಚೆಲ್ಲಿತು. ಇಂಜಿನ್ ನಾಲ್ಕು ಸಲ ಕೆಮ್ಮಿ ಸತ್ತಿತು. ವೈರು ಕೀಳೋಣವೆಂದರೆ ನನ್ನ ಎರಡೂ ಕೈಯಲ್ಲಿ ತಂಬೂರಿ! ಕಾಕಾ ಕೆಳಗೆ ಜಿಗಿದು ಮುಂದೆ ಓಡಿ ಹಾರ್ನಿನ ವೈರು ಕಿತ್ತಾಗ ಊರೆಲ್ಲ ಒಮ್ಮೆಲೆ ಶಾಂತವಾದಂತಾಯಿತು.

ಬಂಡಿಯವನು ಬಾರುಕೋಲು ಹಿಡಿದೇ ಬಂದ. ಅವನ ಬೈಗುಳವನ್ನು ನಾವು ತಲೆ ತಗ್ಗಿಸಿ ಕೇಳುತ್ತಿದ್ದಾಗ ಅಕ್ಕಾರು ಕ್ಯಾಬಿನ್ನಿನಿಂದಲೇ ಕೇಳಿದರು: "ಏನರೀ, ಈ ಲಾರಿಯೊಳಗ ನೀರು ಎಲ್ಲಿ ಅದ?"

"ಯಾವ ನೀರ್ರಿ ಅಕ್ಕಾರ?" ಎಂದೆ ನಾನು.

"ಹೊರಳಿದಾಗ ತುಳಕಿತಲ್ರಿ. ನನ್ನ ತಲೀ ಮ್ಯಾಲಿಂದ ಆ ಕಡೆ ಹೋತು. ಹಿಂದಿಂದs ಒದರಾಟ ಸುರು ಆತು."

ನನಗೆ ಏನೂ ಕೇಳಿರಲಿಲ್ಲ, ಕಾಕಾಗಂತೂ ಕೇಳುವುದೇ ಇಲ್ಲ. ಆದರೂ ಆಕೆಯ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಬಂಡಿಯವನ ಸಿಟ್ಟು ಅಷ್ಟರಲ್ಲಿ ಕುತೂಹಲಕ್ಕೆ ತಿರುಗಿತ್ತು. ಅವನೂ ದಾರಿಹೋಕರಿಬ್ಬರೂ ಲಾರಿಯ ಬದಿಗೆ ಭುಜ ಕೊಟ್ಟು ತೊಟ್ಟಿಲಿನಂತೆ ತೂಗಿದರು. ಅಕ್ಕಾರು ಕಣ್ಣು ಮುಚ್ಚಿ, ಮುಂದಿನ ಗಾಜಿನ ಮೇಲ್ಗಡೆ ಅಡ್ಡಕ್ಕೆ ಹೋಗುವ ತಗಡಿನ ಪಟ್ಟಿಗೆ ಕಿವಿ ಹಚ್ಚಿದರು.

"ಇಲ್ಲೇ ಅದ. ಬಡೀರಿ ನೋಡೋಣು."

ನಾನು ಸ್ಕ್ರೂಡ್ರೈವರಿನ ಹಿಡಿಯಿಂದ ಎಡಗಡೆಯಿಂದ ತಟ್ಟುತ್ತ ಬಂದೆ. ಟೊಣ್, ಟೊಣ್. ಬಲಗಡೆಗೆ ಬರುತ್ತಲೇ ದನಿ ತಗ್ಗಿ ದಬ್ ದಬ್ ಆಯಿತು. "ಸ್ವರ ಇಳೀತು. ಅಲ್ಲಿಂದ ಅಲ್ಲೀತನಾ ತುಂಬ್ಯದ," ಎಂದರು.

ಬಂಡಿಯವನು ಬಾಯಿ ಬಿಟ್ಟುಕೊಂಡು, "ಜಲತರಂಗ ನುಡಿಸಿದಂಗ ಆತಲ್ರಿ!" ಎಂದ.

ಪಟ್ಟಿಯ ಕೆಳಗೆ ತಡವಿದಾಗ ನನ್ನ ಬೆರಳಿಗೆ ಗಟ್ಟಿ ಡಾಂಬರು ಸಿಕ್ಕಿತು. ಅಲ್ಲೊಂದು ಸಣ್ಣ ತೂತಿತ್ತು; ಒಳಗೆ ಸೇರಿದ ನೀರು ಹನಿಹನಿಯಾಗಿ ಹೊರಹೋಗಲೆಂದೇ ಮಾಡಿದ್ದು. ಹಿಂದಿನ ವರ್ಷ ಮೊಣಕಾಲ ಮೇಲೆ ನೀರು ಬೀಳುತ್ತದೆಂದು ಕಾಕಾ ಗೊಣಗಿದಾಗ ಅದನ್ನು ಮುಚ್ಚಿದವನು ನಾನೇ. ಚಾವಣಿಯ ಬೆಸುಗೆ ಬಿಟ್ಟಲ್ಲಿಂದ ರಾತ್ರಿಯೆಲ್ಲ ಇಳಿದ ನೀರು ಹೊರಗೆ ಬಿಸಿಲಿಗೆ ಎಲ್ಲ ಒಣಗಿದರೂ ಪಟ್ಟಿಯ ಪೊಳ್ಳಿನಲ್ಲಿ ನಿಲ್ಲುತ್ತಿತ್ತು. ಲಾರಿ ಎಡಕ್ಕೆ ಹೊರಳಿದರೆ ಬಲಕ್ಕೆ ನುಗ್ಗಿ, ಮೂಲೆಯ ಕಂಬದ ಹಿಂದಿನಿಂದ ಹಾರ್ನಿನ ವೈರಿನ ಮೇಲೆ ಸುರಿಯುತ್ತಿತ್ತು. ಕೊಳೆತ ನೂಲು, ಬರಿಯ ತಂತಿ, ಹಿಂದೆ ತಗಡು, ನಡುವೆ ನೀರು ಬಿದ್ದರೆ ಹಾರ್ನಿನ ಗುಂಡಿ ಒತ್ತಿ ಹಿಡಿದಂತೆಯೇ, ಇನ್ನೇನು ಬೇಕು! ಬಡಪಾಯಿ ಬ್ಯಾಟರಿಯ ಜೀವವನ್ನೆಲ್ಲ ಹಾರ್ನೇ ಹೀರಿದರೆ ಇಂಜಿನ್ನಿಗೆ ಕಿಡಿ ಎಲ್ಲಿಂದ ಬರಬೇಕು?

ಸುಮ್ಮನಿರಬಹುದಿತ್ತು. ಕಾಕಾ ಆ ಡಾಂಬರನ್ನು ಮರೆತೇಬಿಟ್ಟಿದ್ದರು. ಮೊಳೆಯಿಂದ ಅದನ್ನು ಚುಚ್ಚಿ ತೆಗೆದೆ. ಕೆಂಪು ನೀರು ಧಾರೆಯಾಗಿ ಕಾಕಾನ ಸೀಟಿನ ಮೇಲೆ ಸುರಿಯಿತು. ಹೇಳಿಬಿಟ್ಟೆ: "ಕಾಕಾ, ಇದು ನಂದs ಕೆಲಸ. ತೂತು ಮುಚ್ಚಿದಾಂವ ನಾನs."

ಕಾಕಾ ಒದ್ದೆ ಸೀಟನ್ನೂ ನನ್ನನ್ನೂ ನೋಡಿದರು. "ಏನಂದಿ? ಜೋರಂಗ ಹೇಳು."

ಎರಡನೆಯ ಸಲ, ಬೈರಿದೇವರಕೊಪ್ಪಕ್ಕೆಲ್ಲ ಕೇಳುವಂತೆ, ಅದನ್ನೇ ಕೂಗಿ ಹೇಳಬೇಕಾಯಿತು! ಅಕ್ಕಾರು ಸೆರಗು ಬಾಯಿಗಿಟ್ಟು ನಕ್ಕರು. ಕಾಕಾ ಒಂದು ಗಳಿಗೆ ಸಿಟ್ಟಾದರು, ಆಮೇಲೆ ಅವರಿಗೂ ನಗು ತಡೆಯಲಿಲ್ಲ.

ತಂಬೂರಿಯ ಗವಸಿನಿಂದ ಒಂದು ಅರಿವೆಯನ್ನು ಅಕ್ಕಾರೇ ಹರಿದು ಕೊಟ್ಟರು. ಕಂಬ ಒರೆಸಿ, ಕೊಳೆತ ತುಂಡನ್ನು ಕತ್ತರಿಸಿ, ಹೊಸ ವೈರನ್ನು ಕಂಬದಿಂದ ದೂರ ಎಳೆದು ಕಟ್ಟಿದೆ. ಎಲ್ಲರೂ ಸೇರಿ ಮೇವನ್ನು ಬಂಡಿಗೆ ಎತ್ತಿ ಹಾಕಿದೆವು. ಧಾರವಾಡದವರೆಗೆ ಕಾಕಾ ಬೇಕೆಂದೇ ಎಡಕ್ಕೆ ಹೊರಳಿಸಿ ಹೊರಳಿಸಿ ಪರೀಕ್ಷೆ ಮಾಡಿದರು. ಹಾರ್ನ್ ತುಟಿಪಿಟಕ್ಕೆನ್ನಲಿಲ್ಲ.

ಕಪಾಟು ಮಾಳಿಗೆಗೆ ಏರಿಸಿದ ಮೇಲೆ ಅಕ್ಕಾರು ಒಗ್ಗರಣೆ ಅವಲಕ್ಕಿ ಮಾಡಿ ಹಾಕಿದರು. "ನೀವು ಕೈಲೆ ಭಾಳ ಕೆಲಸಾ ಮಾಡ್ತೀರಿ," ಎಂದರು ನನಗೆ, "ಸ್ವಲ್ಪ ಹೊತ್ತು ಸುಮ್ಮನ ಕೇಳಿ ಆಮ್ಯಾಲೆ ಮಾಡ್ರಿ."

ಅಂದಿನಿಂದ ಯಾವ ಮುದಿ ಲಾರಿ ಬಂದರೂ ಮೊದಲು ಡ್ರೈವರನ ಪಕ್ಕ ಕುಳಿತು ಒಂದು ಸುತ್ತು ಹೋಗಿ ಬರುತ್ತಿದ್ದೆ. ಬಂದ ಮೇಲೆಯೇ ಹತ್ಯಾರಕ್ಕೆ ಕೈ. ಕಾಕಾ ಮಾತ್ರ ನನ್ನ ಡಾಂಬರಿನ ಕಥೆಯನ್ನು ಹುಬ್ಬಳ್ಳಿಯ ಒಂದೊಂದು ಚಹಾದಂಗಡಿಗೂ ಮುಟ್ಟಿಸಿದರು, ಅದೂ ಅವರ ಆ ದನಿಯಲ್ಲಿ. ಇನ್ನು ನನ್ನ ಶೆಡ್ಡಿಗೆ ನಾಯಿಯೂ ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಮಳೆಗಾಲಕ್ಕೆ ಶೆಡ್ಡಿನ ಮುಂದೆ ಒಂದರ ಹಿಂದೊಂದು ನಾಲ್ಕು ಲಾರಿ ನಿಂತಿದ್ದವು. ಮೊದಲನೆಯ ಲಾರಿಯ ಡ್ರೈವರನಿಗೆ, ನಿನ್ನನ್ನು ಯಾರು ಕಳಿಸಿದರು ಎಂದು ಕೇಳಿದೆ. "ತನ್ನ ತಪ್ಪು ತಾನs ಒಪ್ಪೂ ಮಿಸ್ತ್ರಿ ಅದಾನ ಅಂದ್ರು, ಅದಕ್ಕ ಬಂದೇನ್ರಿ," ಎಂದು ಆತ ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ನಾನು ಹತ್ತಿ ಕುಳಿತೆ.