ಗುಮೆರ್ಸಿಂದಳ ನಾರುವ ಶಾಲು

ನನ್ನ ಅತ್ತೆ ಗುಮೆರ್ಸಿಂದ ಮೂಗೊರೆಸಿದ ಕೈಯಲ್ಲೇ ಆಲೂಗಡ್ಡೆ ಸುಲಿಯುತ್ತಾಳೆ. ಊರಿನವರು ಅವಳನ್ನು ಹೊಗಳುವಾಗ ಇದನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ನಾನು ಮೊದಲು ಹೇಳುತ್ತಿದ್ದೇನೆ. ದಿನವಿಡೀ ಕೋಕಾ ಎಲೆ ಅಗಿದು ಹಲ್ಲೆಲ್ಲ ಹಸಿರು. ಒಲೆಯ ಮೂಲೆಗೆ ಉಗುಳುತ್ತಾಳೆ, ಅಲ್ಲೇ ಕೂತು ಉಣ್ಣುತ್ತಾಳೆ. ಥೂ! ಅವಳ ಶಾಲು ನೀರು ಕಂಡದ್ದು ಒಂದೇ ಸಲ, ಅದೂ ನಾನು ಒಗೆದಾಗ.

ಅವಳಿಗೆ ತಕ್ಕ ಜೊತೆ ಯಾನಾ. ಹೋದ ವರ್ಷ ರೋಗ ಬಂದು ತಿನ್ನಲೆಂದು ಅಡುಗೆಮನೆಯಲ್ಲಿ ಸಾಕಿದ ಗಿನಿಹಂದಿಗಳೆಲ್ಲ ಸತ್ತಾಗ ಉಳಿದ ಮುದಿ ಕರಿ ಹೆಣ್ಣು ಅದು. ಬೆನ್ನಿನ ಕೂದಲು ಉದುರಿದೆ, ಕಣ್ಣಲ್ಲಿ ಸದಾ ಪಿಸುರು. ಯಾವತ್ತೋ ಸುಟ್ಟು ತಿನ್ನಬೇಕಾಗಿದ್ದನ್ನು ಅತ್ತೆ ಕಾಲಬುಡದಲ್ಲಿ ಮಲಗಿಸಿಕೊಳ್ಳುತ್ತಾಳೆ.

ಈ ಸಲ ಆಲೂಗಡ್ಡೆ ಕಿತ್ತ ಮೇಲೆ ನನ್ನ ಮಗ ವಿಲ್ಬೆರ್ ತನ್ನ ಹುಡುಗಿ ನೆಲಿದಳನ್ನು ಕರೆದು ತಂದ. ನಮ್ಮಲ್ಲಿ ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆಯಲ್ಲಿ ಬಾಳಿ ನೋಡುತ್ತಾಳೆ, ಒಗ್ಗದಿದ್ದರೆ ಗಂಟು ಕಟ್ಟಿ ತವರಿಗೆ ಹೋಗುತ್ತಾಳೆ. ಅವಳ ಬುಟ್ಟಿಯಲ್ಲಿ ತವರು ಕೊಟ್ಟ ಕಂದು ಗಿನಿಹಂದಿಯೊಂದಿತ್ತು. ಮನೆಯ ಗಿನಿಹಂದಿ ಅದನ್ನು ಓಡಿಸಿತೋ, ಹುಡುಗಿಯೂ ಹೊರಟಳೆಂದೇ ಲೆಕ್ಕ. ಹಿಂದೆ ಒಬ್ಬಳು ಹೀಗೇ ಹೋದಮೇಲೆ ವಿಲ್ಬೆರ್ ನಗುವುದನ್ನೇ ಮರೆತಿದ್ದ. ನನಗೆ ಈ ಹುಡುಗಿ ಉಳಿಯಲೇಬೇಕಿತ್ತು.

ಹೊಸ ಗಿನಿಹಂದಿ ಬಂದಾಗ ಅತ್ತೆ ಅದಕ್ಕೆ ಏನು ಬಳಿಯುತ್ತಾಳೆಂದು ನನಗೆ ಗೊತ್ತು. ಆ ಹೇಸಿಗೆಯೆಲ್ಲ ನೆಲಿದಳ ಕಣ್ಣಿಗೆ ಬೀಳುವುದು ಬೇಡವೆಂದು, ಅತ್ತೆ ಹುಲ್ಲಿಗೆ ಹೋದಾಗ ನಾನೇ ಕಂದು ಗಿನಿಹಂದಿಯನ್ನು ಬಿಸಿನೀರಲ್ಲಿ ತೊಳೆದು, ಸಾಬೂನು ಹಚ್ಚಿ ಘಮಘಮ ಮಾಡಿ, ಒಲೆಯ ಹತ್ತಿರ ಬಿಟ್ಟೆ. ಯಾನಾ ಒಮ್ಮೆ ಮೂಸಿತು. ಕಟಕಟ ಹಲ್ಲು ಕಡಿಯಿತು. ಹಾರಿ ಬಿದ್ದು ಕಂದಿನ ಕಿವಿ ಹರಿದೇಬಿಟ್ಟಿತು! ನೆಲಿದ ಚೀರಿ ಅದನ್ನು ಎತ್ತಿಕೊಂಡಳು. ಆಮೇಲೆ ತನ್ನ ಲಂಗ ಮಡಚಿ ಗಂಟಿಗೆ ಇಡತೊಡಗಿದಳು. ವಿಲ್ಬೆರ್ ಬಾಗಿಲಲ್ಲಿ ಕಂಬದಂತೆ ನಿಂತಿದ್ದ.

ಹುಲ್ಲಿನ ಹೊರೆಯೊಂದಿಗೆ ಬಂದ ಅತ್ತೆ ಮೂಗರಳಿಸಿದಳು. "ಯಾರೇ ಇದಕ್ಕೆ ಸ್ನಾನ ಮಾಡ್ಸಿದ್ದು?"

"ನಾನೇ. ಗಲೀಜಾಗಿತ್ತು," ಎಂದೆ.

"ನಿನ್ ಮಡಿಗಿಷ್ಟು ಬೆಂಕಿ ಹಾಕ! ಕೊಡು ಇಲ್ಲಿ. ಏ ಹುಡುಗಿ, ಗಂಟು ಆಮೇಲ್ ಕಟ್ಟು, ಮೊದ್ಲು ಆಲೂಗಡ್ಡೆ ತಾ."

ಅತ್ತೆ ನೆಲದ ಮೇಲೆ ಕೂತಳು. ಯಾನಾ ಮಲಗುವ ಜಾಗದಿಂದ ಉಚ್ಚೆಯಲ್ಲಿ ನೆನೆದ ಹುಲ್ಲು ಹಿಡಿಯಷ್ಟು ತೆಗೆದು ಕಂದಿನ ಬೆನ್ನು, ಹೊಟ್ಟೆ, ಕುಂಡೆ ಎಲ್ಲ ತಿಕ್ಕಿದಳು. ಉಳಿದದ್ದು ಯಾನಾಗೆ. ಎರಡರ ಮೂತಿಗೂ ಹಸಿರು ಎಂಜಲು ಉಗಿದಳು. ಎರಡನ್ನೂ ಮಡಿಲಿಗೆ ಹಾಕಿ ಲಂಗ ಮುಚ್ಚಿ, ಅದೇ ಕೈಯಲ್ಲಿ, ಛೀ, ಅದೇ ಕೈಯಲ್ಲಿ ಆಲೂಗಡ್ಡೆ ಸುಲಿಯಲು ಕೂತಳು. ನೆಲಿದ ಬಾಯಿಗೆ ಕೈ ಅಡ್ಡ ಹಿಡಿದಳು.

ಆಲೂಗಡ್ಡೆ ಬೇಯುವ ಹೊತ್ತಿಗೆ ಲಂಗದೊಳಗಿಂದ ಕುಯ್ ಕುಯ್ ಕೇಳಿಸಿತು. ಮುಚ್ಚಿದ್ದು ತೆಗೆದರೆ ಯಾನಾ ಕಂದಿನ ಬೆನ್ನಿಗೆ ಗದ್ದವಿಟ್ಟು ಮಲಗಿದೆ! ವಿಲ್ಬೆರ್ ಗಂಟು ಬಿಚ್ಚಿ ಲಂಗವನ್ನು ಮತ್ತೆ ಗೂಟಕ್ಕೆ ನೇತುಹಾಕಿದ. ನೆಲಿದ ಬೇಡವೆನ್ನಲಿಲ್ಲ.

ಅತ್ತೆ ಎದ್ದು ತನ್ನ ಶಾಲು ತೆಗೆದು ಹುಡುಗಿಯ ಹೆಗಲಿಗೆ ಹೊದಿಸಿದಳು. "ಹೊದ್ಕೊಂಡಿರು. ನಾಳೆ ನನ್ ಹೆಣ್ಮಕ್ಳು ಮೂರೂ ನಿನ್ನ ನೋಡಕ್ ಬರ್ತಾರೆ."

"ಅಜ್ಜಿ, ಇದು ಸ್ವಲ್ಪ..."

"ನಾರುತ್ತೆ. ನಾರ್ಬೇಕು! ಮನೆ ವಾಸ್ನೆ ಹತ್ತಿದೋಳನ್ನ ಯಾರೂ ಕಚ್ಚಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇವಳಿಗೂ ಹೊದಿಸಿದ್ದೆ. ಮಾರನೇ ದಿನವೇ ತಗೊಂಡೋಗಿ ಹೊಳೇಲಿ ಕುಕ್ಕಿದ್ಲು," ಎಂದಳು.

ಸೊಸೆಗೆ ಹೊಸ ಶಾಲು ಕೊಡಲಾರದ ಜಿಪುಣಿ ಎಂದೇ ಇಷ್ಟು ಕಾಲ ಬೈದುಕೊಂಡಿದ್ದೆ. ಆ ಮೂವರು ನಾದಿನಿಯರು ಇವತ್ತಿಗೂ ಒಲೆಯ ಮುಂದೆ ನನಗೆ ಜಾಗ ಬಿಡುವುದಿಲ್ಲ. ನಾನು ಮಾಡಿದ ಸಾರಿಗೆ ನನ್ನೆದುರೇ ಉಪ್ಪು ಸುರಿಯುತ್ತಾರೆ. ಅಂದೇ ಬಾಯಿಬಿಟ್ಟು ಹೇಳಲು ಈ ಮುದುಕಿಗೇನಾಗಿತ್ತು!

ಅತ್ತೆ ಅಂಗಳಕ್ಕೆ ಹೋದದ್ದೇ ತಡ, ನೆಲಿದ ಮೂಗು ಹಿಂಡಿಕೊಂಡು ನನ್ನ ಬಳಿ ಬಂದಳು. "ಅತ್ತೆ, ಸಾಬೂನು ಎಲ್ಲಿದೆ? ಬಿಸ್ಲು ಚೆನ್ನಾಗಿದೆ, ಹೊಳೇಲಿ ಒಂದ್ಸಲ ಜಾಲಿಸ್ಕೊಂಡು ಬಂದ್ಬಿಡ್ತೀನಿ."

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಅವಳು ಹತ್ತಿರ ಬಂದಂತೆ ಹೊಗೆ, ಉಚ್ಚೆ, ಎಂಜಲು ಎಲ್ಲ ಸೇರಿದ ಆ ನಾತ ಮೂಗಿಗೆ ಬಡಿಯಿತು. ಸಾಬೂನು ನನ್ನ ಜೇಬಲ್ಲೇ ಇತ್ತು.

"ಮುಗಿದೋಗಿದೆ ಕಣಮ್ಮಾ," ಎಂದೆ.