ಚಿಪ್ಪು ಕಕ್ಕಿದ ನೀರು

ಆ ವಾರ ಹಂಪಕ್ಕನ ತಲೆ ಕೆಡಿಸಿದ್ದು ಒಂದು ಬೋಗುಣಿ ಕಪ್ಪೆಚಿಪ್ಪು. ಭೈರವಾನಿತಿಪ್ಪ ಅಣೆಕಟ್ಟಿನ ಕಾಲುವೆಯಲ್ಲಿ ಆರಿಸಿ ತಂದ ಮೇಲೆ ಗೊತ್ತಾಯಿತು, ಮೇಲಿನ ಹೊಲದವರು ದಂಡೆಗೆಲ್ಲ ಗಡ್ಡಿಮಂದು ಹೊಡೆದಿದ್ದರು, ಕಳೆ ಸಾಯಿಸುವ ಔಷಧ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದ ಮಗಳು ಉಷಾ ಭಾನುವಾರ ಬರುವವಳಿದ್ದಳು. ಐದು ತಿಂಗಳ ಬಸುರಿ. ಫೋನಿನಲ್ಲಿ ಕೇಳಿದ್ದು ಚಿಪ್ಪಿನ ಸಾರು ಒಂದೇ.

ಚಿಪ್ಪಿನ ಗುಣ ಹಂಪಕ್ಕನಿಗೆ ಗೊತ್ತಿತ್ತು. ಗುಳೆ ಹೋದಾಗ ಎರಡು ವರ್ಷ ಸಮುದ್ರದಂಡೆಯ ಒಂದು ಲ್ಯಾಬಿನಲ್ಲಿ ತೊಟ್ಟಿ ತೊಳೆದವಳು. ಅಲ್ಲಿಯ ಮೇಡಂ ಉಪ್ಪುನೀರಿಗೆ ಕಳೆ ಔಷಧ ಬೆರೆಸಿ ಚಿಪ್ಪು ಬಿಡುತ್ತಿದ್ದರು. ಚಿಪ್ಪು ಬಿಡುವಿಲ್ಲದೆ ನೀರು ಎಳೆದು ಬಿಡುತ್ತಿತ್ತು. ನೀರಿನಲ್ಲಿ ವಿಷ ಇಳಿದಂತೆ ಅದರ ಮಾಂಸದಲ್ಲಿ ಏರುತ್ತಿತ್ತು. ಆಮೇಲೆ ಒಳ್ಳೆಯ ನೀರಿಗೆ ಹಾಕಿದರೆ ದಿನ ಕಳೆದಂತೆ ಹೊರಗೆ ಬಿಡುತ್ತಿತ್ತು.

ಅದಕ್ಕೇ ಹಂಪಕ್ಕ ಬೋರಿಂಗಿನಿಂದ ನೀರು ಹೊತ್ತು ತಂದು, ದಿನಕ್ಕೆ ಎರಡು ಸಲ ಬದಲಿಸಿ, ಹಳೆಯ ನೀರನ್ನು ದೂರದ ಬಂಡೆಯ ಮೇಲೆ ಚೆಲ್ಲುತ್ತಿದ್ದಳು.

"ಚಿಪ್ಪು ನೀರು ಶುದ್ಧ ಮಾಡ್ತೈತಿ ಅಂತ ನೀನಾ ಹೇಳೀದಿ. ಮತ್ತ ಯಾಕ ಚೆಲ್ತೀ?" ಅಂದ ಗಂಡ ಸುಂಕಪ್ಪ.

"ಶುದ್ಧ ಆಗಿದ್ದು ಕಾಲುವಿ ನೀರ್ರಿ. ಆ ವಿಷ ಇದರ ಹೊಟ್ಟ್ಯಾಗ ಕುಂತೈತಿ. ಈಗ ಕಕ್ಕಾಕತ್ತೈತಿ."

ಅಕ್ಕಿ ತೊಳೆದದ್ದಾಗಲಿ, ಬೇಳೆ ತೊಳೆದದ್ದಾಗಲಿ, ಆ ಮನೆಯಲ್ಲಿ ತೊಳೆದ ನೀರೆಲ್ಲ ಎಮ್ಮೆಯ ಮುಸುರೆ ಬಾನಿಗೇ. ನಾಲ್ಕನೆಯ ದಿನ ಹಂಪಕ್ಕ ಬಂದು ನೋಡಿದರೆ ಬೋಗುಣಿಯಲ್ಲಿ ನೀರಿಲ್ಲ, ಎಮ್ಮೆ ಬಾನಿಗೆ ಮೂತಿ ಇಟ್ಟಿದೆ. ಓಡಿಹೋಗಿ ಬಾನಿ ಕೆಡವಿದಳು.

"ಏನಾತೇ? ತೊಳೆದ ನೀರು ಮುಸುರಿಗೆ ಹಾಕಬಾರದೇನು?" ಅಂದ ಸುಂಕಪ್ಪ.

"ಅಕ್ಕಿ ತೊಳೆದ ನೀರೇನ್ರಿ ಅದು! ಔಷಧದ್ದು!"

"ಔಷಧ ಕುಡದ್ರ ಎಮ್ಮಿ ಇನ್ನಷ್ಟು ಗಟ್ಟಿ ಆಗ್ತೈತಿ ಬಿಡು."

ಎಮ್ಮೆಗೆ ಏನೂ ಆಗಲಿಲ್ಲ. ಸುಂಕಪ್ಪನಿಗೆ ಮಾತ್ರ ಒಳಗೊಳಗೇ ನಾಚಿಕೆಯಾಗಿರಬೇಕು. ಶನಿವಾರ ಸಂಜೆ ಮೆಲ್ಲಗೆ ಬಾಯಿಬಿಟ್ಟ.

"ನೀನು ದಣೀತಿ ಅಂತ ಎರಡು ದಿನದಿಂದ ನಾನೂ ನೀರು ಬದಲಿ ಮಾಡಾಕತ್ತೀನಿ."

"ಎಲ್ಲಿ ನೀರ್ರಿ?"

"ಕಾಲುವಿದು. ಬೋರಿಂಗ್ ದೂರ ಅಲ್ಲೇನು?"

ಕಕ್ಕಿದ ವಿಷವನ್ನು ಚಿಪ್ಪು ಮತ್ತೆ ಎಳೆದುಕೊಂಡಿತ್ತು. ಹೊತ್ತ ಅಷ್ಟೂ ಬಿಂದಿಗೆ ದಂಡ.

ಭಾನುವಾರ ಉಷಾ ಚಪ್ಪಲಿ ಬಿಟ್ಟವಳೇ ಒಲೆಯ ಮೇಲಿನ ಮುಚ್ಚಳ ತೆಗೆದಳು. ಹುರಳಿ ಸಾರು.

"ಯವ್ವಾ, ಚಿಪ್ಪು ಬೋಗುಣ್ಯಾಗ ಅದಾವಲ್ಲ!"

"ಅವು ತಿನ್ನಂಗಿಲ್ಲ." ಹಂಪಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ಸಣ್ಣಾಕಿ ಇದ್ದಾಗಿಂದ ತಿಂದೀನಿ, ಏನಾಗೇತಿ ನನಗ?"

"ಹೌದು, ಒಂದು ಕುದಿ ಕುದಿಸಿದ್ರ ಎಲ್ಲಾ ಹೋಗ್ತೈತಿ," ಅಂದ ಸುಂಕಪ್ಪ. "ದೂರದಿಂದ ಬಂದಾಳ, ಹಾಕು."

"ಕುದಿಸಿದ್ರ ಹೋಗೂದಾಗಿದ್ರ ನಾನ್ಯಾಕ ನೀರು ಹೊತ್ತು ಸಾಯ್ತಿದ್ದೆ?"

ಇನ್ನು ಹೇಳಿ ಉಪಯೋಗವಿರಲಿಲ್ಲ. ತಾನು ಬೆನ್ನು ತಿರುಗಿಸಿದರೆ ಇಬ್ಬರೂ ಸೇರಿ ಒಲೆ ಹಚ್ಚುತ್ತಾರೆ. ಹಂಪಕ್ಕ ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಮೊಳಕಾಲಾಳದ ಗುಂಡಿ ತೋಡಿ ಚಿಪ್ಪನ್ನೆಲ್ಲ ಸುರಿದು, ಮಣ್ಣು ಎಳೆದು, ಮೇಲೊಂದು ಕಲ್ಲು ಹೇರಿದಳು.

ಒಳಗೆ ಬಂದಾಗ ಉಷಾ ಗೋಡೆಯ ಕಡೆ ಮುಖ ಮಾಡಿ ಮುದ್ದೆ ಮುರಿಯುತ್ತಿದ್ದಳು.

"ಸಾರಿಗೆ ಉಪ್ಪು ಕಡಿಮಿ," ಅಂದಳು, ತಿರುಗದೆ.

ಹಂಪಕ್ಕ ಕೈ ತೊಳೆದುಕೊಂಡು ಉಪ್ಪಿನ ಡಬ್ಬಿ ಮುಂದಿಟ್ಟಳು.